ಎರಡನೇ ನೀರಿನ ಕಾಫಿ

ನಮ್ಮ ಮಾವ ಕೃಷ್ಣಯ್ಯನವರಿಗೆ ಕಾಫಿ ಮಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಉಪ್ಪುಂದದಲ್ಲಿ ಯಾರನ್ನು ಕೇಳಿದರೂ, "ಕೃಷ್ಣಯ್ಯನ ಮನೆ ಕಾಪಿಯಾ? ಅದ್ಕೆ ಸಮ ಬೇರೆ ಇಲ್ಲೆ" ಎನ್ನುತ್ತಾರೆ. ಕೃಷ್ಣಯ್ಯನ ಮನೆ ಕಾಫಿಯಂತೆ! ಆ ಕಾಫಿ ಮಾಡುವವರು ನಮ್ಮ ಅತ್ತೆ ಚಂದ್ರಾವತಿ. ನಾನು, ರಮಿತಾ, ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಯಿತು. ಇಷ್ಟು ದಿನದಲ್ಲಿ ಮಾವ ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ.

ಅತ್ತೆಯ ಕಾಫಿಗೆ ಫಿಲ್ಟರು ಗಿಲ್ಟರು ಏನೂ ಇಲ್ಲ. ಬೀಜ ತರಿಸಿ ಹಿತ್ತಿಲ ಒಲೆಯ ಮೇಲೆ ಕಬ್ಬಿಣದ ಬಾಣಲೆಯಲ್ಲಿ ತಾವೇ ಹುರಿಯುತ್ತಾರೆ. ಆ ಹೊತ್ತಿಗೆ ಯಾರಾದರೂ ಹತ್ತಿರ ಹೋದರೆ ಬೈಸಿಕೊಳ್ಳಬೇಕು. "ಈಗ ಮಾತಾಡ್ಸ್‌ಬ್ಯಾಡ ಹೆಣೆ, ಕರಟಿ ಹೋತ್ತ್!" ಹುರಿದ ಬೀಜವನ್ನು ಬೆಂಚಿಗೆ ಕೂರಿಸಿದ ಕೈಮಿಷನ್ನಿನಲ್ಲಿ ಗರಗರ ತಿರುಗಿಸಿ ಪುಡಿ ಮಾಡುತ್ತಾರೆ. ಬೆಳಿಗ್ಗೆ ಹಿತ್ತಾಳೆ ಪಾತ್ರೆಯಲ್ಲಿ ನೀರಿಗೆ ಬೆಲ್ಲ ಹಾಕಿ ಕುದಿಸಿ, ಕೆಳಗಿಳಿಸಿ, ಪುಡಿ ಹಾಕಿ ಮುಚ್ಚಿಡುತ್ತಾರೆ. ಪುಡಿ ತಳದಲ್ಲಿ ಕೂರುವವರೆಗೆ ಮುಚ್ಚಳ ಮುಟ್ಟುವ ಹಾಗಿಲ್ಲ. ಆಮೇಲೆ ಬಟ್ಟೆಯಲ್ಲಿ ಸೋಸುವುದು. ಹಳೇ ಪಂಚೆಯ ತುಂಡು ಅದು. ಸೋಸಿ ಸೋಸಿ ಕಪ್ಪಾಗಿದೆ. ಅದಕ್ಕೆ ಸೋಪು ತಾಗಿಸುವಂತಿಲ್ಲ, ತಾಗಿಸಿದರೆ ಮರುದಿನದ ಕಾಫಿಗೆ ಅದೇ ವಾಸನೆ. ಮದುವೆಯಾದ ಹೊಸತರಲ್ಲಿ ನಾನು ಅದನ್ನು ನೆಲ ಒರೆಸುವ ಬಟ್ಟೆ ಎಂದುಕೊಂಡು ಬಕೆಟ್ಟಿಗೆ ಹಾಕಿದ್ದೆ. ಅವತ್ತು ಅತ್ತೆಯ ಬಾಯಿಂದ ಬಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೀಗಿರುವ ಅತ್ತೆ ಒಂದು ವಿಷಯಕ್ಕೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮಾವ ಮುಂಬೈಯ ಹೋಟೆಲೊಂದರಲ್ಲಿ ಬಹಳ ವರ್ಷ ಇದ್ದು ಬಂದವರು. ಹೋಟೆಲು ಎಂದರೆ ಒಲೆಯ ಹತ್ತಿರ ಅಲ್ಲ, ಕ್ಯಾಶಿನಲ್ಲಿ. ಈಗ ಜಗಲಿಯಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂರಿಸಿ, "ಹ್ವಾಯ್, ಮೂರ್ ಕಾಪಿ!" ಎಂದು ಒಳಗೆ ಆರ್ಡರು ಕೊಡುತ್ತಾರೆ. ಬಂದವರು ಹೊಗಳಿದರೆ ಅದಕ್ಕೆ ಉತ್ತರ ತಯಾರಿರುತ್ತದೆ. "ಎಲ್ಲ ನಾನ್ ಕಲ್ಸಿದ್ದ್ ಮಾರಾಯ. ಬೊಂಬಾಯಿಂದ ಬಂದ್ ಇವ್ಳಿಗೆ ಹೇಳ್ ಕೊಟ್ಟೆ."

ಅದನ್ನು ಕೇಳಿದಾಗ ಅತ್ತೆ ಒಳಗೆ ಪಾತ್ರೆಯನ್ನು ಧಡಾರನೆ ಕುಕ್ಕುತ್ತಿದ್ದರು. ಅಷ್ಟೆ. "ನೀವ್ ಒಂದ್ ಮಾತ್ ಹೇಳುಕ್ ಆಗ್ದಾ ಅತ್ತೆ?" ಎಂದರೆ, "ಹೇಳಿ ಎಂತ ಆಯ್ಕ್?" ಎಂದು ನನ್ನ ಮೇಲೆಯೇ ಸಿಡುಕುತ್ತಿದ್ದರು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ತಿಂಗಳು ಅದು ವಿಪರೀತಕ್ಕೆ ಹೋಯಿತು. ಅಶೋಕ್ ಅಂತ ಮಾವನ ಪರಿಚಯದವರು, ಬೈಂದೂರಿನ ಹೈವೇ ಬದಿಯಲ್ಲಿ ಸಣ್ಣ ಹೋಟೆಲು ಇಟ್ಟವರು, ಬಂದು ಜಗಲಿಯಲ್ಲಿ ಕೂತರು. ಹಳೇ ಕಾಲದ ಬಟ್ಟೆ ಕಾಫಿಗೆ ಈಗ ಜನ ಹುಡುಕಿಕೊಂಡು ಬರುತ್ತಾರೆ, ದಿನಾ ಬೆಳಿಗ್ಗೆ ಮನೆಯಿಂದ ಫ್ಲಾಸ್ಕಿನಲ್ಲಿ ತುಂಬಿಸಿ ಕೊಟ್ಟರೆ ಹೋಟೆಲಿನ ಮುಂದೆ 'ಕೃಷ್ಣಯ್ಯನವರ ಬಟ್ಟೆ ಕಾಫಿ' ಎಂದು ಬೋರ್ಡು ಹಾಕುತ್ತೇನೆ ಎಂದರು. ಮಾವನ ಎದೆ ಉಬ್ಬಿತು.

"ಆಯ್ಲಿ ಮಾರಾಯ. ಅವ್ಳ್ ಮಾಡ್ತಳೆ. ಮನೆಲಿ ಬೇರೆ ಎಂತ ಕೆಲ್ಸ ಇತ್ತ್ ಅವ್ಳಿಗೆ?"

ಬೇರೆ ಎಂತ ಕೆಲ್ಸ ಇತ್ತ್! ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಪಿತ್ತ ನೆತ್ತಿಗೇರಿತು. ಹುರಿಯುವುದು ಅತ್ತೆ, ಪುಡಿ ಮಾಡುವುದು ಅತ್ತೆ, ಕತ್ತಲಿರುವಾಗಲೇ ಎದ್ದು ಹೊಗೆ ತಿನ್ನುವುದು ಅತ್ತೆ, ಬೋರ್ಡಿನ ಮೇಲೆ ಹೆಸರು ಮಾತ್ರ ಇವರದ್ದು. ಅತ್ತೆಯನ್ನು ಒಂದು ಮಾತು ಕೇಳುವಷ್ಟೂ ವ್ಯವಧಾನ ಇಲ್ಲ! ಅಶೋಕರಿಗೆ ಅಷ್ಟರಲ್ಲಿ ಯಾವುದೋ ಫೋನು ಬಂತು. ಭಾನುವಾರ ತಮ್ಮ ಪಾಲುದಾರ ಸುಧೀರ್ ಎಂಬವರನ್ನು ಕರೆತರುತ್ತೇನೆ, ಅವರು ರುಚಿ ನೋಡಿ ಹೂಂ ಅಂದರೆ ಬೋರ್ಡು ಬರೆಸುವುದೇ ಸೈ ಎಂದು ಕಾಫಿ ಮುಟ್ಟದೆ ಎದ್ದು ಹೋದರು.

ಉಳಿದ ಲೋಟವನ್ನು ಒಳಗೆ ತಂದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುಖ ಗಡಿಗೆಯಾಗಿತ್ತು. "ಚೆಲ್ಲುದ್ ಎಂತಕೆ, ನೀವೇ ಕುಡೀನಿ ಅತ್ತೆ" ಎಂದು ಕೈಗೆ ಕೊಟ್ಟೆ. ಸಿಟ್ಟಿನಲ್ಲೇ ಒಂದು ಗುಟುಕು ಎಳೆದವರು ಹಾಗೇ ನಿಂತುಬಿಟ್ಟರು.

"ಇದ್ ಎಲ್ಲಿಂದ ಬಂತ್ ಹೆಣೆ? ಇದ್ ನಮ್ಮಮ್ಮನ ಕಾಪಿ!"

ಅತ್ತೆಯ ತಾಯಿಮನೆ ಸಿದ್ದಾಪುರ. ಆ ಅಜ್ಜಿ ಹೋಗಿ ಎಷ್ಟೋ ಕಾಲವಾಗಿದೆ. ನನಗೆ ಹೆದರಿಕೆಯಾಯಿತು. "ಅತ್ತೆ, ಇದ್ ನಿಮ್ದೇ ಕಾಪಿ. ಈಗಷ್ಟೇ ನೀವೇ ಸೋಸಿ ಕೊಟ್ಟದ್ದಲ್ದಾ?" ಎಂದೆ.

ಅವರು ಇನ್ನೊಂದು ಗುಟುಕು ಕುಡಿದರು. "ಸಿದ್ದಾಪುರದಗೆ ನಮ್ಮಮ್ಮ ಹೀಂಗೇ ಮಾಡ್ತಿದ್ರ್. ಅವ್ರ್ ಮಾಡುದ್ ಕಂಡೇ ನಾನ್ ಕಲ್ತದ್ದ್. ನನ್ ಕೈಯಗೂ ಹೀಂಗೇ ಆತ್ತ್ ಅಂದೇಳಿ ಗೊತ್ತೇ ಇರ್ಲಿಲ್ಲೆ."

"ಹಾಂಗಾರೆ ನೀವ್ ದಿನಾ ಕುಡುದ್ ಎಂತ?"

ಒಲೆಯ ಹತ್ತಿರ ಇದ್ದ ತಮ್ಮ ಲೋಟ ತೋರಿಸಿದರು. ನಾನು ಎತ್ತಿ ಬಾಯಿಗೆ ಹಾಕಿದೆ. ಸಪ್ಪೆ ಬಿಸಿನೀರು, ಮೇಲೊಂದು ಒಗರು. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಚರಟಕ್ಕೆ ಮತ್ತೆ ನೀರು ಹಾಕಿ ಕುದಿಸಿದ್ದು.

"ನಾನ್ ಮದಿ ಆಯಿ ಈ ಮನಿಗೆ ಬಪ್ಪು ಹೊತ್ತಿಗೆ ಪುಡಿಗೆ ಬರ ಹೆಣೆ. ಗಂಡಸ್ರಿಗೆ, ಮಕ್ಳಿಗೆ ಕೊಟ್ಟ್ ಆಪು ಹೊತ್ತಿಗೆ ಪಾತ್ರಿ ಖಾಲಿ. ನಮ್ಮತ್ತೆ ಚರಟಕ್ಕೆ ಎರಡ್ನೇ ನೀರ್ ಹಾಕಿ ಹೆಂಗಸ್ರಿಗೆ ಕೊಡ್ತಿದ್ರ್. ಅದೇ ರೂಢಿ ಆಯ್ತ್."

"ಈಗ ಪುಡಿಗೆ ಬರ ಇಲ್ಯಲೆ ಅತ್ತೆ! ಮೊದ್ಲ್ನೇ ನೀರಿಂದ್ ಉಳುದಿಲ್ಯಾ?"

"ಉಳ್ದದ್ ಹತ್ತ್ ಗಂಟಿಗೆ ಅವ್ರಿಗ್ ಬೇಕಲೆ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮಾವನ ಮೇಲೆ, ಸತ್ತುಹೋದ ಆ ಹಳೇ ಅತ್ತೆಯ ಮೇಲೆ, ದಿನಾ ಮೊದಲ ನೀರು ಕುಡಿದು ಬಾಯಿ ಚಪ್ಪರಿಸಿದ ನಮ್ಮೆಲ್ಲರ ಮೇಲೆ. ಊರೆಲ್ಲ ಹೊಗಳುವ ಕಾಫಿ, ಅದನ್ನು ಮಾಡಿದವರಿಗೇ ಅದರ ರುಚಿ ಗೊತ್ತಿಲ್ಲವೆಂದರೆ! ಬಣ್ಣ ನೋಡಿ, ಪರಿಮಳ ನೋಡಿ, ಇಷ್ಟು ವರ್ಷ ಕಂಡವರಿಗೆಲ್ಲ ಲೋಟ ತುಂಬಿಸಿ ಕೊಟ್ಟಿದ್ದಾರೆ. ಗಂಡ ಸುಮಿತನಿಗೆ ಹೇಳಿದರೆ ಅವನು ಮೊಬೈಲಿನಿಂದ ತಲೆ ಎತ್ತದೆ, "ಅಮ್ಮಂಗೆ ಅದೇ ಇಷ್ಟ ಇರ್ಕ್" ಎಂದ. ಇಷ್ಟವಂತೆ! ಇವನ ತಲೆಗಿಷ್ಟು! ಅವತ್ತು ನಾನು ಅವನ ಹತ್ತಿರ ಮಾತೇ ಆಡಲಿಲ್ಲ.

ಅತ್ತೆಗೆ ಮಾತ್ರ ಹೇಳಿದೆ. "ಆತಿಲ್ಲೆ ಅಂದೇಳಿ ಹೇಳಿ ಅತ್ತೆ. ನೀವ್ ಹೇಳ್ದಿದ್ರೆ ನಾನ್ ಹೇಳ್ತೆ."

"ನೀ ಸುಮ್ನಿರ್. ಭಾನುವಾರ ಬರ್ಲಿ ಕಾಂಬ" ಎಂದರು. ಅದರ ಮೇಲೆ ಪಾತ್ರೆ ಕುಕ್ಕಲಿಲ್ಲ, ಬೈಯಲಿಲ್ಲ, ಏನೂ ಇಲ್ಲ. ಅತ್ತೆ ಬೈಯದಿದ್ದರೆ ನನಗೆ ಭಯ.

ಭಾನುವಾರ ಅಶೋಕ್ ಮತ್ತು ಸುಧೀರ್ ಬಂದರು. ಮಾವ ಇಸ್ತ್ರಿ ಹಾಕಿದ ಶರಟು ಹಾಕಿದ್ದರು. "ಹ್ವಾಯ್, ಮೂರ್ ಕಾಪಿ! ಲಾಯ್ಕ್ ಮಾಡಿ ತಾ!" ಎಂದು ಕೂಗಿದರು. ಒಳಗೆ ಅತ್ತೆ ಎರಡೇ ಲೋಟದ ನೀರಿಟ್ಟರು. ಬೆಲ್ಲ ಹಾಕಿದರು, ಪುಡಿ ಹಾಕಿ ಮುಚ್ಚಿದರು, ಯಾವ ಗಡಿಬಿಡಿಯೂ ಇಲ್ಲದೆ ಕಾದರು, ಸೋಸಿದರು. ಹಾಲು ಬೆರೆಸಿ ಒಂದು ಲೋಟ ತಾವಿಟ್ಟುಕೊಂಡು ಇನ್ನೊಂದನ್ನು ನನ್ನ ಮುಂದೆ ತಳ್ಳಿದರು. ಆಮೇಲೆ ಚರಟವನ್ನು ಪಾತ್ರೆಗೆ ಕೊಡವಿ, ಮೇಲೆ ಧಾರಾಳ ನೀರು ಸುರಿದು, ಕುದಿಸಿ, ಒಳ್ಳೊಳ್ಳೆಯ ಮೂರು ಲೋಟಗಳಿಗೆ ಬಗ್ಗಿಸಿದರು.

"ಹ್ಞೂಂ, ತಕಂಡ್ ಹೋಗ್."

ನಾನು ತಟ್ಟೆ ಎತ್ತಿಕೊಂಡೆ. ಹೊರಗೆ ಮಾವನ ಭಾಷಣ ನಡೆದಿತ್ತು. "ಕುಡಿಯುಕ್ ಮುಂಚೆ ಪರಿಮಳ ಕಾಣ್ಕ್ ಸುಧೀರ್. ಇದ್ ಬೊಂಬಾಯಿ ಕೈ."

ಸುಧೀರ್ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಮರ್ಯಾದಸ್ಥರು, ಸ್ವಲ್ಪ ಹೊತ್ತು ಯೋಚಿಸಿ, "ಬಿಸಿ ಲಾಯ್ಕಿತ್ತ್" ಎಂದರು. ಅಶೋಕ್ ಲೋಟದೊಳಗೆ ಇಣುಕಿ ನೋಡಿದರು. ಮಾವನಿಗೆ ಏನೋ ಅನುಮಾನ ಬಂದು ತಾವೂ ಕುಡಿದರು. ಕುಡಿದವರೇ ಅಂಗಳಕ್ಕೆ ಉಗುಳಿದರು.

"ಥೂ! ಎಂತದ್ ಇದ್? ಇದನ್ನ ಮನ್ಷರ್ ಕುಡಿತ್ರಾ?"

"ನಾನ್ ಕುಡಿತ್ತೆ."

ಅತ್ತೆ ತಮ್ಮ ಲೋಟ ಹಿಡಿದು ಹೊರಗೆ ಬಂದಿದ್ದರು. ಬಂದವರ ಎದುರು ಎಂದೂ ಕೂರದವರು ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. "ಮದಿ ಆಯಿ ಈ ಮನಿಗೆ ಬಂದಾಗ್ಳಿಂದ ದಿನಾ ಅದನ್ನೇ ಕುಡಿತ್ತೆ. ನೀವ್ ಒಂದಿನ ಕುಡೀನಿ ಕಾಂಬ."

ಮಾವನ ಮುಖ ಕೆಂಪಾಯಿತು. "ಬಂದೋರ್ ಎದ್ರ್ ಮರ್ಯಾದಿ ತೆಗಿತ್ಯಾ? ಒಳ್ಗ್ ಹೋಯಿ ಬೇರೆ ಮಾಡ್!"

"ಕಲ್ಸಿದ್ದ್ ನೀವಲ್ದಾ? ಬೋರ್ಡಗೆ ಹೆಸ್ರ್ ನಿಮ್ದಲ್ದಾ? ನೀವೇ ಮಾಡಿ. ಬಟ್ಟೆ ಮೊಳಿಗೆ ಹಾಕಿದ್ದೆ. ಸೋಪ್ ತಾಗ್ಸ್‌ಬೇಡಿ."

ಮಾವ ಅಶೋಕರ ಮುಖ ನೋಡಿದರು. ಅಶೋಕ್ ರಸ್ತೆ ನೋಡುತ್ತಿದ್ದರು. ಯಾರೂ ಏಳಲಿಲ್ಲ. ಕೊನೆಗೆ ಮಾವನೇ ಎದ್ದು ಒಳಗೆ ಹೋದರು. ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು, ಹಾಕುವ ಸದ್ದು ಕೇಳಿತು. ಏನೋ ಕೆಳಗೆ ಬಿತ್ತು.

"ನಿಮ್ಮ ಲೋಟದಗೆ ಇಪ್ಪುದ್ ಬೇರೆ ಕಾಪಿಯಾ ಅಕ್ಕ?" ಎಂದು ಸುಧೀರ್ ಮೆಲ್ಲಗೆ ಕೇಳಿದರು.

"ಇದ್ ನಮ್ಮಮ್ಮನ ಕಾಪಿ" ಎಂದರು ಅತ್ತೆ.

ಅಷ್ಟರಲ್ಲಿ ಅಡುಗೆಮನೆಯಿಂದ ಮಾವನ ಧ್ವನಿ ಬಂತು. "ಹ್ವಾಯ್... ಈ ಬೆಲ್ಲ ಎಲ್ಲಿತ್ತ್?"

ಅತ್ತೆಗೆ ಕೇಳಿಸಿತು. ನನಗೂ ಕೇಳಿಸಿತು. ನಾವಿಬ್ಬರೂ ಕಾಫಿ ಕುಡಿಯುತ್ತಿದ್ದೆವು.