ಯುಡೋರಾ ಟ್ಯಾಂಟಿಯ ಇನ್ನೂರ ನಲವತ್ತು ನೋಟುಗಳು

ಅರಿಮಾದಲ್ಲಿ ನನ್ನ ನಿಜವಾದ ಹೆಸರು ಕೇಳಿದರೆ ಯಾರೂ ಹೇಳಲಾರರು. ಅಮ್ಮ ಇಟ್ಟದ್ದು ವೆಂಡೆಲ್ ಅಂತ. ಊರು ಇಟ್ಟದ್ದು ರೇಡಿಯೋ ಅಂತ. ಕೆಂಪು ಪಟ್ಟೆಯ ಮ್ಯಾಕ್ಸಿ ವ್ಯಾನು ಓಡಿಸುತ್ತೇನೆ, ಅರಿಮಾದಿಂದ ನಮ್ಮ ದ್ವೀಪದ ರಾಜಧಾನಿ ಪೋರ್ಟ್ ಆಫ್ ಸ್ಪೇನಿಗೆ, ದಿನಕ್ಕೆ ನಾಲ್ಕೈದು ಸಲ. ಜನರನ್ನು ಕೂಗಿ ಹತ್ತಿಸಿಕೊಳ್ಳುವುದು, ಹತ್ತಿದವರ ಕಾಲೆಳೆಯುವುದು, ಎರಡೂ ನನಗೆ ಒಂದೇ ಕೆಲಸ. ನಮ್ಮಲ್ಲಿ ಕಾಲೆಳೆಯುವುದೂ ಒಂದು ಮರ್ಯಾದೆಯೇ. ನಾಲ್ಕು ಜನರ ಮುಂದೆ ಒಬ್ಬನನ್ನು ಗೇಲಿ ಮಾಡಿದೆ ಅಂದರೆ ಅವನು ನಮ್ಮವನು ಅಂತ ಅರ್ಥ. ಅವನು ತಿರುಗಿ ಎರಡು ಬಿಡಬೇಕು, ಎಲ್ಲರೂ ನಗಬೇಕು, ಅಲ್ಲಿಗೆ ಮುಗಿಯಿತು. ಸಿಟ್ಟು ಮಾಡಿಕೊಂಡವನು ಸೋತ. ಇದನ್ನೆಲ್ಲ ಹೇಳುತ್ತಿರುವುದು ನಾನು ತಪ್ಪಿಸಿಕೊಳ್ಳಲಿಕ್ಕೆ ಅಲ್ಲ. ಸ್ವಲ್ಪ ತಪ್ಪಿಸಿಕೊಳ್ಳಲಿಕ್ಕೂ ಇರಬಹುದು.

ಹೇಳಬೇಕಾದದ್ದು ಯುಡೋರಾ ಟ್ಯಾಂಟಿಯ ವಿಷಯ. ರಕ್ತಸಂಬಂಧ ನೋಡಿದರೆ ಅವಳು ಯಾರಿಗೂ ಟ್ಯಾಂಟಿಯಲ್ಲ, ಆದರೆ ಅರ್ಧ ಅರಿಮಾಕ್ಕೆ ಅವಳೇ ಅತ್ತೆ, ಅವಳೇ ದೊಡ್ಡಮ್ಮ. ನಲವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯ ಗೇಟಿನ ಮುಂದೆ ತಟ್ಟೆ ಇಟ್ಟುಕೊಂಡು ಕೂತವಳು. ಸಕ್ಕರೆ, ಉಪ್ಪು, ಖಾರ ಹಾಕಿ ಉರುಟಿದ ಹುಣಸೆ ಉಂಡೆ, ಗುಲಾಬಿ ಬಣ್ಣದ ಕೊಬ್ಬರಿ ಮಿಠಾಯಿ, ಕಪ್ಪು ಬೆಲ್ಲದ ಪಾಕದ ಟೋಲಮ್. ಈಗ ಆ ಗೇಟಿನಲ್ಲಿ ಮಗಳನ್ನು ಬಿಡಲು ಬರುವ ತಾಯಂದಿರು ಒಂದು ಕಾಲದಲ್ಲಿ ಅದೇ ಗೇಟಿನಲ್ಲಿ ಅವಳ ಹತ್ತಿರ ಸಾಲ ಹೇಳಿ ಉಂಡೆ ತಿಂದವರು. ಪಕ್ಕದ ಬೀದಿಯ ಗಂಡುಮಕ್ಕಳ ಶಾಲೆಯಿಂದ ಓಡಿಬಂದು ತಿನ್ನುತ್ತಿದ್ದವರಲ್ಲಿ ನಾನೂ ಒಬ್ಬ.

ಗಂಡ ಅನ್ನುವವನೊಬ್ಬ ಇದ್ದ. ಒಂದು ಕಾರ್ನಿವಲ್‌ಗೆ ಬಂದವನು ಮುಂದಿನ ಕಾರ್ನಿವಲ್ ಹೊತ್ತಿಗೆ ಹೋಗಿಬಿಟ್ಟ. ಅದರ ಬಗ್ಗೆ ಕೇಳಿದರೆ ಟ್ಯಾಂಟಿ, "ವೇಷ ತೆಗೆದ ಮೇಲೆ ಇಷ್ಟ ಆಗ್ಲಿಲ್ಲ ಕಣೋ. ಯಾರಿಗೆ ಯಾರು ಅಂತ ಕೇಳ್ಬೇಡ," ಅನ್ನುತ್ತಿದ್ದಳು. ಮಕ್ಕಳಿಲ್ಲ. ಆ ಕೊರಗು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ದಿನಾ ಇನ್ನೂರು ಮಕ್ಕಳು ಸುತ್ತ ಕಿರುಚುತ್ತಿದ್ದರೆ ಕೊರಗಲಿಕ್ಕೆ ಪುರುಸೊತ್ತಾದರೂ ಎಲ್ಲಿ?

ಅರವತ್ತು ದಾಟಿದ ಮೇಲೆ ಅವಳ ಕಣ್ಣಿಗೆ ಪೊರೆ ಬಂತು. ಪಾಕದ ಬಣ್ಣ ನೋಡಿಯೇ ಇಳಿಸಬೇಕಾದ ಕೆಲಸ ಅದು. ಒಂದು ಗಳಿಗೆ ಹೆಚ್ಚಾದರೆ ಕಹಿ, ಕಡಿಮೆಯಾದರೆ ಅಂಟು. ವಾರಕ್ಕೆ ಒಂದು ಪಾತ್ರೆ ಸುಡತೊಡಗಿತು, ಆಮೇಲೆ ಎರಡು. ಒಂದು ಸಲ ಕುದಿಯುವ ಪಾಕ ಕೈಮೇಲೆ ಬಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಕಾದಳು, ಕಾದಳು. ಖಾಸಗಿ ಡಾಕ್ಟರ್ ಹೇಳಿದ ಲೆಕ್ಕ ಒಂದು ಕಣ್ಣಿಗೆ ಹನ್ನೆರಡು ಸಾವಿರ ಡಾಲರ್. ಅವತ್ತಿನಿಂದ ಟ್ಯಾಂಟಿ ಕೂಡಿಡತೊಡಗಿದಳು. ಚಿಲ್ಲರೆ ನೂರು ಸೇರಿದಾಗಲೆಲ್ಲ ಅಂಗಡಿಯಲ್ಲಿ ಕೊಟ್ಟು ಒಂದು ನೀಲಿ ನೋಟು ತರುವುದು, ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಮಾಡಿ, ಹಿಟ್ಟಿನ ಡಬ್ಬಿಯಲ್ಲಿ ಇಡುವುದು. ಏಳು ವರ್ಷಕ್ಕೆ ಇನ್ನೂರ ನಲವತ್ತು ನೋಟಾಯಿತು. ಎರಡು ಕಣ್ಣು.

"ಬ್ಯಾಂಕಲ್ಲಿ ಇಡಬಾರ್ದಾ?" ಅಂತ ಒಮ್ಮೆ ಕೇಳಿದ್ದೆ.

"ಹೋಗಿದ್ದೆ. ಕೆಲಸದ ಪತ್ರ ತಗೊಂಡ್ಬಾ ಅಂದ್ರು. ನನ್ಗೆ ಪತ್ರ ಯಾರು ಬರ್ಕೊಡ್ತಾರೆ, ಹುಣಸೆ ಮರವಾ?"

೨೦೧೯ರ ಡಿಸೆಂಬರ್ ಮೊದಲ ವಾರ ಆ ಸುದ್ದಿ ಬಂತು. ಕಾಗದದ ನೂರರ ನೋಟು ಈ ತಿಂಗಳ ಕೊನೆಗೆ ಸತ್ತಂತೆ, ಅದರ ಜಾಗಕ್ಕೆ ಪ್ಲಾಸ್ಟಿಕ್ ನೋಟು. ಕಳ್ಳರು, ಮಾದಕ ಮಾರುವವರು ಹಾಸಿಗೆಯಡಿ ಬಚ್ಚಿಟ್ಟದ್ದೆಲ್ಲ ಹೊರಗೆ ಬೀಳಲಿ ಅಂತ. ಕ್ರಿಸ್‌ಮಸ್ ಅಂದರೆ ನಮಗೆ ಮನೆಗೆ ಬಣ್ಣ ಹೊಡೆಯುವ, ಹೊಸ ಪರದೆ ಹಾಕುವ, ಹಂದಿ ತೊಡೆ ಬೇಯಿಸುವ ತಿಂಗಳು. ಆ ವರ್ಷ ಪರದೆ ಹೊಲಿಸುವುದು ಬಿಟ್ಟು ಊರಿಗೆ ಊರೇ ಬ್ಯಾಂಕಿನ ಮುಂದೆ ಸಾಲು ನಿಂತಿತು. ಕೊಡೆ, ಮಡಚುವ ಕುರ್ಚಿ, ಬುತ್ತಿ ಎಲ್ಲ ಹಿಡಿದುಕೊಂಡು. ಹೊಸ ನೋಟು ಸಿಕ್ಕವರು ಹೊರಗೆ ಬಂದು ಅದನ್ನು ಹಿಂಡಿ, ನೀರಲ್ಲಿ ಅದ್ದಿ ತೋರಿಸುತ್ತಿದ್ದರು. ಅದು ಜಾರುತ್ತಿತ್ತು, ಮಡಚಿದರೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. "ಇನ್ಮೇಲೆ ಹೆಂಡ್ತಿ ಪ್ಯಾಂಟ್ ಒಗೆದ್ರೂ ಭಯ ಇಲ್ಲ," ಅಂದೆ ನಾನು. ಸಾಲು ನಕ್ಕಿತು. ನನಗೆ ಇನ್ನೇನು ಬೇಕು? ನಕ್ಕಷ್ಟೂ ಉಬ್ಬುವ ಜಾತಿ ನನ್ನದು.

ಅದು ಕ್ರಿಸ್‌ಮಸ್‌ಗೆ ನಾಲ್ಕು ದಿನ ಮುಂಚೆ. ನಾನು ಮೂರು ಗಂಟೆ ಹೊತ್ತಿನಿಂದ ನಿಂತಿದ್ದೆ; ವ್ಯಾನಿನ ಟೈರಿಗೆ ಅಂತ ಇಟ್ಟಿದ್ದ ಒಂಬತ್ತು ನೋಟು ನನ್ನ ಜೇಬಿನಲ್ಲಿ. ನನಗಿಂತ ಹತ್ತು ಹನ್ನೆರಡು ಜನ ಮುಂದೆ ಟ್ಯಾಂಟಿ ನಿಂತಿದ್ದಳು. ಚರ್ಚಿಗೆ ಹಾಕುವ ಹ್ಯಾಟು, ಕಂಕುಳಲ್ಲಿ ಕಂದು ಕಾಗದದ ಚೀಲ. ಖಾತೆ ಇಲ್ಲದವರು ಗುರುತಿನ ಚೀಟಿ ತೋರಿಸಿ, ದುಡ್ಡು ಎಲ್ಲಿಂದ ಬಂತೆಂದು ಒಂದು ಹಾಳೆಯಲ್ಲಿ ಬರೆದುಕೊಡಬೇಕಿತ್ತು. ಕಾವಲಿನವನು ಆ ಹಾಳೆ ಹಂಚುತ್ತಾ ಬಂದ. ಟ್ಯಾಂಟಿ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಕಾಣದೆ, "ಎಷ್ಟು ಅಂತ ಎಲ್ಲಿ ಬರೀಬೇಕಪ್ಪಾ? ಇಪ್ಪತ್ನಾಲ್ಕು ಸಾವಿರ," ಅಂದಳು. ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದಳೇನೋ. ಎಲ್ಲರಿಗೂ ಕೇಳಿಸಿತು.

ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ.

"ದಾರಿ ಬಿಡ್ರಪ್ಪೋ, ದಾರಿ ಬಿಡಿ! ಕೊಕೇನ್ ಮಹಾರಾಣಿ ಬಂದಿದ್ದಾಳೆ! ಈ ಹುಣಸೆ ಉಂಡೆ ಬಿಡೋಕೆ ಆಗ್ತಿರ್ಲಿಲ್ಲ ಯಾಕೆ ಅಂತ ಈಗ ಗೊತ್ತಾಯ್ತು ನೋಡಿ!"

ಬೀದಿಯ ಆಚೆ ಬದಿಯವರೂ ನಕ್ಕರು. ಕಾವಲಿನವನು ಸೊಂಟದ ಮೇಲೆ ಕೈಯಿಟ್ಟು, "ಅಮ್ಮಾ, ಒಳಗೆ ಪೊಲೀಸ್ ಇದಾರೆ, ನೋಡ್ಕೊಂಡು ಬರೀರಿ," ಅಂದ. ಅದಕ್ಕೂ ನಕ್ಕರು. ಯಾವಳೋ ಒಬ್ಬಳು, "ಅಯ್ಯೋ, ನನ್ ಮಗಳು ದಿನಾ ತಿಂತಾಳಲ್ಲ!" ಅಂತ ಎದೆ ಬಡಿದುಕೊಂಡಳು, ತಮಾಷೆಗೇ.

ಟ್ಯಾಂಟಿ ತಿರುಗಿ ಒಂದು ಬಿಡುತ್ತಾಳೆ ಅಂತ ನಾನು ಕಾದೆ. ಬೇರೆ ದಿನವಾಗಿದ್ದರೆ ನನ್ನ ಅಪ್ಪ, ಅಜ್ಜ, ನನ್ನ ವ್ಯಾನಿನ ಬ್ರೇಕು ಎಲ್ಲವನ್ನೂ ಎಳೆದು ಬೀದಿಗೆ ಹಾಕುತ್ತಿದ್ದಳು. ಅವತ್ತು ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಡಚಿ ಕಾವಲಿನವನ ಕೈಗೆ ವಾಪಸ್ಸು ಕೊಟ್ಟಳು. ಚೀಲವನ್ನು ಎದೆಗೆ ಒತ್ತಿಕೊಂಡು ಸಾಲಿನಿಂದ ಹೊರಗೆ ನಡೆದಳು. ನಡಿಗೆಯಲ್ಲಿ ಅವಸರವಿರಲಿಲ್ಲ, ಗೋಡೆ ಮುಟ್ಟಿಕೊಂಡು, ಮೂಲೆಯ ಬೇಕರಿಯ ಕಡೆ ಹೋಗಿ ಮರೆಯಾದಳು.

ನಾಳೆ ಬರುತ್ತಾಳೆ ಅಂದುಕೊಂಡೆ. ಅವಳು ಯಾಕೆ ಹೋದಳು ಅಂತ ನನಗೆ ಹೊಳೆಯಲೇ ಇಲ್ಲ. ಶಾಲೆಯ ಗೇಟಿನಲ್ಲಿ ಮಿಠಾಯಿ ಮಾರುವವಳಿಗೆ ಇರುವ ಆಸ್ತಿ ಒಂದೇ, ಅವಳ ತಟ್ಟೆಯ ಮೇಲಿನ ನಂಬಿಕೆ. ಅದರೊಳಗೆ ಏನೋ ಇದೆ ಅಂತ ನಾನು ಬೀದಿಗೆಲ್ಲ ಕೇಳುವಂತೆ ಕೂಗಿದ್ದೆ. ಒಳಗೆ ಹೋಗಿ ಯಾರಾದರೂ ಅವಳನ್ನು ಒಂದು ಪ್ರಶ್ನೆ ಕೇಳಿದ್ದರೂ ಸಾಕು, ಸಂಜೆಯೊಳಗೆ ಅದು ಹೆಡ್‌ಮಿಸ್ಟ್ರೆಸ್ ಕಿವಿಗೆ ಬೀಳುತ್ತಿತ್ತು. ನಲವತ್ತೊಂದು ವರ್ಷದ ಗೇಟು ಮುಚ್ಚುತ್ತಿತ್ತು. ಅವಳು ಮರುದಿನವೂ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಹೊಸ ವರ್ಷ ಕಳೆದು ಒಂದು ವಾರಕ್ಕೆ ಅವಳ ಪಕ್ಕದ ಮನೆಯ ಜೆಮ್ಮಾ ನನ್ನ ವ್ಯಾನು ಹತ್ತಿದಳು. "ಗೊತ್ತಾಯ್ತಾ ನಿನ್ಗೆ? ಯುಡೋರಾ ಟ್ಯಾಂಟಿ ಅಷ್ಟೂ ದುಡ್ಡನ್ನ ಆ ಸೆಡ್ರಿಕ್ ಕೈಗೆ ಕೊಟ್ಲಂತೆ," ಅಂದಳು. ಸೆಡ್ರಿಕ್ ಅಂದರೆ ಸಿಮೆಂಟು ಕಬ್ಬಿಣದ ಅಂಗಡಿಯವನು, ದೊಡ್ಡ ಖಾತೆಯ ಕುಳ. ಬ್ಯಾಂಕಿಗೆ ಹೋಗಲು ಹೆದರುವವರ ನೋಟುಗಳನ್ನೆಲ್ಲ ತನ್ನ ವ್ಯಾಪಾರದ ದುಡ್ಡಿನ ಜೊತೆ ಸೇರಿಸಿ ಕಟ್ಟಿ, ಅರ್ಧ ತಾನು ಇಟ್ಟುಕೊಂಡು ಅರ್ಧ ಕೊಟ್ಟಿದ್ದ. ಟ್ಯಾಂಟಿಯ ಕೈಗೆ ಬಂದದ್ದು ನೂರ ಇಪ್ಪತ್ತು ಪ್ಲಾಸ್ಟಿಕ್ ನೋಟು. ಒಂದು ಕಣ್ಣು.

"ಯಾವನೋ ಮುಂಡೇಗಂಡ ಸಾಲಲ್ಲಿ ಏನೋ ಅಂದ್ನಂತೆ. ಯಾರು ಅಂತ ಹೇಳೋದೇ ಇಲ್ಲ ಟ್ಯಾಂಟಿ," ಅಂದಳು ಜೆಮ್ಮಾ.

ನಾನು ಹಾರ್ನ್ ಒತ್ತಿದೆ. ಮುಂದೆ ಯಾವ ಗಾಡಿಯೂ ಇರಲಿಲ್ಲ.

ಕೂಗಿದ್ದು ಯಾರು ಅಂತ ಟ್ಯಾಂಟಿಗೆ ಗೊತ್ತಾಗಿಲ್ಲ ಅಂದುಕೊಂಡು ನನಗೆ ಧೈರ್ಯ ಬಂತು. ಅದನ್ನು ಧೈರ್ಯ ಅನ್ನುವುದಕ್ಕೂ ನಾಚಿಕೆಯಾಗಬೇಕು. ಕಣ್ಣು ಮಂಜು, ಹಿಂದೆ ಅಷ್ಟು ದೂರದಲ್ಲಿ ನಾನು, ಅಷ್ಟು ಗದ್ದಲ. ಮರುದಿನದಿಂದಲೇ ನಾನು ಒಳ್ಳೆಯವನಾಗಿಬಿಟ್ಟೆ. ಹಲಸಿನಂಥ ಬ್ರೆಡ್‌ಫ್ರೂಟ್ ಕಾಯಿ ತಂದುಕೊಟ್ಟೆ. ಅವಳ ಮನೆ ಮಾಡಿನ ಸೋರುವ ತಗಡು ಬದಲಾಯಿಸಿದೆ. ಬೆಳಿಗ್ಗೆ ತಟ್ಟೆ, ಸ್ಟೂಲು ಸಮೇತ ಅವಳನ್ನು ಗೇಟಿಗೆ ಬಿಟ್ಟೆ, ಕಾಸು ತೆಗೆದುಕೊಳ್ಳಲಿಲ್ಲ. "ದೇವ್ರು ಒಳ್ಳೇದು ಮಾಡ್ಲಿ," ಅನ್ನುತ್ತಿದ್ದಳು. ಅಂದಾಗಲೆಲ್ಲ ನಾನು ತಟ್ಟೆ ಇಳಿಸುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದೆ. ಹೇಳಿಬಿಡೋಣ ಅಂತ ದಿನಾ ಹೊರಡುತ್ತಿದ್ದೆ. ಇನ್ನೊಂದು ಬ್ರೆಡ್‌ಫ್ರೂಟ್ ಕೊಟ್ಟು ವಾಪಸ್ಸು ಬರುತ್ತಿದ್ದೆ. ಕಳೆದುಹೋದ ಹನ್ನೆರಡು ಸಾವಿರವನ್ನು ನಾನೇ ಕಟ್ಟಿಕೊಡಬಹುದು ಅಂತಲೂ ಯೋಚಿಸಿದೆ. ಹಾಗೆ ಕೊಟ್ಟರೆ ಯಾಕೆ ಅಂತ ಕೇಳುತ್ತಾಳಲ್ಲ! ಹೇಡಿಗೆ ಲೆಕ್ಕಾಚಾರ ಬಲು ಚುರುಕು.

ಫೆಬ್ರವರಿಯಲ್ಲಿ ಆಪರೇಷನ್. ನಾನೇ ಕರೆದುಕೊಂಡು ಹೋದೆ. ಯಾವ ಕಣ್ಣು ಮೊದಲು ಅಂತ ಡಾಕ್ಟರ್ ಕೇಳಿದರು.

"ಮೊದಲು ಅಂತಿಲ್ಲ ಡಾಕ್ಟ್ರೇ, ಒಂದೇ. ಬಲಗಣ್ಣು ಮಾಡಿ. ಒಲೆ ಬಲಗಡೆ ಇರೋದು," ಅಂದಳು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಹೊರಗೆ ನನ್ನ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಟ್ಯಾಂಟಿ ಕನ್ನಡಿ ನೋಡಿಕೊಂಡಳು, ಬೀದಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎಡಗಣ್ಣು ಹಾಗೇ ಬೆಳ್ಳಗೆ ಇತ್ತು.

"ಏನೋ ಇದು, ಇಷ್ಟೊಂದು ನರೆತಿದ್ದೀಯ! ದನಿ ಕೇಳಿದ್ರೆ ಇನ್ನೂ ಇಪ್ಪತ್ತು ಅನ್ಸತ್ತೆ."

ನಾನು ಕೀಲಿ ತಿರುಗಿಸಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದೆ. "ಟ್ಯಾಂಟಿ, ಬ್ಯಾಂಕಿನ ಸಾಲಲ್ಲಿ ಅವತ್ತು ಕೂಗಿದ್ದು ನಾನು."

"ಗೊತ್ತು."

"ಗೊತ್ತಾ?"

"ಅರಿಮಾದಲ್ಲಿ ಕಿವುಡರಿಗೂ ನಿನ್ ದನಿ ಗೊತ್ತು ಕಣೋ. ಆ ತಗಡು, ಆ ಬ್ರೆಡ್‌ಫ್ರೂಟು, ಎಲ್ಲ ಯಾಕೆ ಅಂತಾನೂ ಗೊತ್ತು. ಬ್ರೆಡ್‌ಫ್ರೂಟ್ ತಿಂದು ತಿಂದು ಹೊಟ್ಟೆ ಉಬ್ಬರಿಸಿಹೋಯ್ತು. ಯಾವಾಗ ಬಾಯಿ ಬಿಡ್ತಾನೆ ಇವನು ಅಂತ ಕಾಯ್ತಿದ್ದೆ."

"ತಮಾಷೆಗೆ ಅಂದಿದ್ದು ಟ್ಯಾಂಟಿ. ದೇವ್ರಾಣೆ, ತಮಾಷೆಗೆ."

"ತಮಾಷೆ ಅಂತ ನನ್ಗೆ ಗೊತ್ತಾಗಲ್ವಾ? ನಿಮ್ಮಪ್ಪನ್ನೂ ನಾನೇ ಗೇಲಿ ಮಾಡಿ ಬೆಳೆಸಿದ್ದು." ಅವಳು ಹ್ಯಾಟನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಮಾತಿಗೆ ಅಲ್ಲ ನನ್ಗೆ ಬೇಜಾರು. ಪೊಲೀಸ್ ಅಂದಾಗ ಹೆದ್ರಿಕೆ ಆಯ್ತು, ಹೊರಗೆ ಬಂದೆ. ಬೇಕರಿ ಮುಂದೆ ನಿಂತ್ಕೊಂಡೆ. ರೇಡಿಯೋ ಬಾಯಿ ದೊಡ್ಡದು, ಮನಸ್ಸು ಒಳ್ಳೇದು, ಈಗ ಬರ್ತಾನೆ, ಕೈ ಹಿಡ್ಕೊಂಡು ವಾಪಸ್ ಒಳಗೆ ಕರ್ಕೊಂಡು ಹೋಗ್ತಾನೆ, ಅಂತ. ಅರ್ಧ ಗಂಟೆ ನಿಂತಿದ್ದೆ ಮಗಾ, ಬಿಸಿಲಲ್ಲಿ. ಯಾಕೆ ಬರ್ಲಿಲ್ಲ ನೀನು?"

ಏನಾದರೂ ಒಂದು ಸುಳ್ಳು ಬರಲಿ ಅಂತ ಬಾಯಿ ತೆರೆದೆ. ಅವಳು ಕಾಣುವ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಇದ್ದದ್ದನ್ನೇ ಹೇಳಿದೆ.

"ನೀನು ಹೋದ್ಮೇಲೆ ಸಾಲು ಒಂದು ಹೆಜ್ಜೆ ಮುಂದೆ ಹೋಯ್ತು ಟ್ಯಾಂಟಿ. ನಾನೂ ಮುಂದೆ ಹೋದೆ."