ತೊಪ್ಪೂರಿನಲ್ಲಿ ಇಳಿದುಬಿಟ್ಟೆವು

ಬೀಗರ ಮನೆಗೆಂದು ಕಜ್ಜಾಯ ಕರಿಯುತ್ತಿದ್ದೆ. ಟೀ ಅಂಗಡಿಯಿಂದ ಬಂದ ನಮ್ಮ ಯಜಮಾನರು ಬಾಗಿಲಲ್ಲೇ ನಿಂತು, ಸರ್ಕಾರಿ ಬಸ್ಸಿನವರು ಸ್ಟ್ರೈಕ್ ಹೂಡಿದ್ದಾರೆ, ಧರ್ಮಪುರಿಗೆ ಹೇಗೆ ಹೋಗುತ್ತೀ ಎಂದು ಕೇಳಿದರು. ಬಾಣಲೆಯಲ್ಲಿದ್ದದ್ದು ಕಪ್ಪಾಯಿತು. ಅಂದು ಹೋಗಲೇಬೇಕಿತ್ತು. ಅಲ್ಲಿ ಗಂಡನ ಮನೆಯಲ್ಲಿದ್ದ ಮಗಳು ಭಾಗ್ಯಳಿಗೆ ಏಳು ತಿಂಗಳು ತುಂಬುವುದರಲ್ಲಿತ್ತು. ಎಂಟರಲ್ಲಿ ಬಸುರಿಯನ್ನು ತವರಿಗೆ ಕರೆತರುವುದು ನಮ್ಮಲ್ಲಿಲ್ಲ, ಆಮೇಲೆ ಒಂಬತ್ತರವರೆಗೆ ಕಾಯಬೇಕು. ಆ ಹುಡುಗಿಗೆ ಅಲ್ಲಿ ತಿಂದದ್ದು ದಕ್ಕುತ್ತಿರಲಿಲ್ಲ. ಯಜಮಾನರು ಮಗ್ಗ ಬಿಟ್ಟು ಬರುವಂತಿರಲಿಲ್ಲ. ಮನೆದೇವರು ಚೌಡಮ್ಮ ತಾಯಿಗೆ ಕೈ ಮುಗಿದು ಒಬ್ಬಳೇ ಹೊರಟೆ.

ಸೇಲಂ ಹೊಸ ಬಸ್ ಸ್ಟ್ಯಾಂಡಿನವರೆಗೆ ನಡೆದೇ ಹೋದೆ. ಹೆಂಗಸರಿಗೆ ಪುಕ್ಕಟೆ ಇರುವ ಟೌನ್ ಬಸ್ಸೂ ಓಡುತ್ತಿರಲಿಲ್ಲ. ಗೇಟಿನ ಬಳಿ ಖಾಕಿ ಹಾಕಿದವರು ಸಾಲಾಗಿ ಕೂತಿದ್ದರು. ಕೋಪ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಬಸುರಿ ಮಗಳನ್ನು ಕರೆತರಬೇಕು, ನೀವು ಹೀಗೆ ಕೂತರೆ ಹೇಗೆ ಎಂದು ಒಬ್ಬ ಡ್ರೈವರನ್ನು ಕೇಳಿಯೇಬಿಟ್ಟೆ. ಅವನೂ ನಮ್ಮ ಹಾಗೆ ಮನೆಯಲ್ಲಿ ಕನ್ನಡ ಆಡುವವನೇ.

"ತಪ್ಪು ತಿಳೀಬ್ಯಾಡ ತಾಯಿ. ಆಳು ಕಮ್ಮಿ ಐತೆ, ಯಾರ್ನೂ ಸೇರಿಸ್ಕೊಳ್ತಿಲ್ಲ. ಒಂದು ಡ್ಯೂಟಿ ಮುಗಿಯೋದ್ರೊಳಗೆ ಇನ್ನೊಂದಕ್ಕೆ ಹತ್ತಿಸ್ತಾರೆ. ನಿದ್ದೆಗಣ್ಣಲ್ಲಿ ನಿನ್ ಮಗಳ್ನ ಕೂರಿಸ್ಕೊಂಡು ತೊಪ್ಪೂರು ಘಾಟ್ ಇಳಿಸ್ಲಾ?"

ತುಂಬಿ ತುಳುಕುತ್ತಿದ್ದ ಪ್ರೈವೇಟ್ ಬಸ್ಸೊಂದಕ್ಕೆ ಹತ್ತಿದೆ.

ಬಿಸಿಲು, ಬೆವರು, ಕಾಲಿಡಲು ಜಾಗವಿಲ್ಲ. ಪಕ್ಕದಲ್ಲಿ ನಿಂತಿದ್ದ ಆಫೀಸು ಬ್ಯಾಗಿನವನೊಬ್ಬ ಸ್ಟ್ರೈಕಿನವರನ್ನು ಓಮಲೂರಿನವರೆಗೂ ಬೈಯುತ್ತಲೇ ಇದ್ದ. ಅವರಿಗೂ ಕಷ್ಟ ಇರುತ್ತದಲ್ಲ ಎಂದೆ. ಅವನು ನಕ್ಕ.

"ಓಸಿ ಬಸ್ಸಲ್ಲಿ ಪುಕ್ಕಟೆ ಓಗೋರಿಗೆ ಏನಮ್ಮಾ, ಸುಮ್ನೆ ನ್ಯಾಯ ಏಳ್ತೀರಿ."

"ಓಸಿ ಬಸ್ಸಾದ್ರೂ ಓಡ್ಸೋನು ಓಸೀಲಿ ಓಡಿಸ್ತಾನಾ? ಕೂಲಿ ಏರ್ಸಿ ಅಂತ ನಾವೂ ಮಗ್ಗ ನಿಲ್ಸಿದ್ವಿ. ಮದುವೆ ಮನೆಯೋರಿಗೆ ಸೀರೆ ಸಿಗ್ಲಿಲ್ಲ, ಶಾಪ ಹಾಕಿದ್ರು. ಮಗ್ಗ ನಿಂತ ಮೇಲೇ ನಮ್ದೂ ಒಂದು ಹೊಟ್ಟೆ ಅಂತ ಗೊತ್ತಾಗಿದ್ದು ಅವರಿಗೆ."

ಅವನು ಕಿಟಕಿಯ ಕಡೆ ತಿರುಗಿದ. ಕೂತಿದ್ದ ಒಬ್ಬ ಅಜ್ಜಿ ಸರಿದು ಅರ್ಧ ಸೀಟು ಕೊಟ್ಟರು. ಅದೂ ಚೌಡಮ್ಮ ತಾಯಿಯ ದಯೆಯೇ.

ಧರ್ಮಪುರಿಯಲ್ಲಿ ಬೀಗಿತ್ತಿ ರಾಜಮ್ಮ ಬಿಸಿ ರಾಗಿಮುದ್ದೆ ಇಟ್ಟರು, ಮಗಳಿಗೆ ಹೂ ಮುಡಿಸಿ ಕುಂಕುಮ ಇಟ್ಟರು. ದೀಪ ಹಚ್ಚುವುದರೊಳಗೆ ತವರಿನ ಹೊಸ್ತಿಲು ದಾಟಿಸಬೇಕು ಎಂದು ಎರಡೆರಡು ಸಲ ಹೇಳಿ ಕಳಿಸಿದರು. ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳ ಬಾಗಿಲಿಗೇ ಜನ ಜೋತುಬಿದ್ದಿದ್ದರು. ಅಷ್ಟರಲ್ಲಿ ಅರ್ಧ ಖಾಲಿಯಿದ್ದ ಸರ್ಕಾರಿ ಬಸ್ಸೊಂದು ಬಂತು, ಸ್ಟ್ರೈಕಿಗೆಂದು ತಾತ್ಕಾಲಿಕವಾಗಿ ತಂದ ಡ್ರೈವರ್. ಕಿಟಕಿ ಪಕ್ಕದ ಸೀಟು ಸಿಕ್ಕಿತಲ್ಲ ಎಂದು ಹಿಗ್ಗಿದೆ.

ಹಿಗ್ಗು ಊರ ಹೊರಗಿನವರೆಗೂ ಉಳಿಯಲಿಲ್ಲ. ಗೇರು ಕರಕರ ಎನ್ನುತ್ತಿತ್ತು. ಬ್ರೇಕು ಹಾಕಿದಾಗಲೆಲ್ಲ ಭಾಗ್ಯ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ತೊಪ್ಪೂರಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಅಲ್ಲಿಂದ ಮುಂದೆ ಇಳಿಜಾರು, ಲಾರಿಗಳು ಒಂದಕ್ಕೊಂದು ಗುದ್ದಿಕೊಳ್ಳುವ ಜಾಗ. ಮುಂದೆ ಹೋಗಿ, ಈ ಘಾಟಿನಲ್ಲಿ ಬಸ್ಸು ಇಳಿಸಿದ್ದೀಯೇನಪ್ಪಾ ಎಂದು ಡ್ರೈವರನ್ನು ಕೇಳಿದೆ. ಅವನು ಬೆವರು ಒರೆಸಿಕೊಂಡು ತಮಿಳಿನಲ್ಲಿ ನಿಜವನ್ನೇ ಹೇಳಿದ. ಊರೊಳಗೆ ನೀರಿನ ಲಾರಿ ಓಡಿಸುವವನಂತೆ. ಇಲ್ಲಿ ಇದೇ ಮೊದಲು, ಮೆಲ್ಲಗೆ ಹೋಗುತ್ತೇನಕ್ಕಾ ಎಂದ. ಪಾಪ, ಅವನೂ ಹೊಟ್ಟೆಪಾಡಿಗೆ ಬಂದವನು.

ಮಗಳ ಕೈ ಹಿಡಿದು ಇಳಿಸಿದೆ. ಟಿಕೆಟ್ ದುಡ್ಡು ವಾಪಸ್ಸಿಲ್ಲ ಎಂದ ಕಂಡಕ್ಟರ್. ಹಿಂದಿನಿಂದ ಯಾರೋ ಕೂಗಿದರು, "ದೇವ್ರ ಮ್ಯಾಲೆ ಭಾರ ಹಾಕಿ ಕೂತ್ಕೊಳಮ್ಮ."

"ಭಾರ ಹಾಕೇ ಇಳೀತಿದೀನಿ," ಎಂದೆ.

ಬಸ್ಸು ಹೋಯಿತು. ರಸ್ತೆ ಬದಿಯಲ್ಲಿ ನೆರಳೂ ಸರಿಯಾಗಿರಲಿಲ್ಲ. ತುಂಬಿದ ಬಸ್ಸುಗಳು ನಿಲ್ಲಲಿಲ್ಲ. ಹೊತ್ತು ಇಳಿಯುವುದನ್ನು ನೋಡಿ ಭಾಗ್ಯ ಅಳತೊಡಗಿದಳು, ಅತ್ತೆ ಏನನ್ನುತ್ತಾರೋ ಎಂದು. ಸೆರಗಿನಿಂದ ಅವಳ ಮುಖ ಒರೆಸಿದೆ. ಅಲ್ಲಿ ನಿಂತೇ ನನಗೊಂದು ಮಾತು ಖಚಿತವಾಯಿತು. ಸ್ಟ್ರೈಕಿನಿಂದ ನನಗೆ ಕಷ್ಟವಾದದ್ದು ನಿಜ. ಬಸುರಿಯನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡವಳಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಆದರೆ ಆ ಖಾಕಿಯವರ ಮಾತು ಕೇಳದೆ, ಅವರ ಜಾಗದಲ್ಲಿ ನೀರಿನ ಲಾರಿಯವನನ್ನು ಕೂರಿಸಿ, ಎಲ್ಲ ಸರಿಯಾಗಿದೆ ಎಂದವರನ್ನು ನಾನೇಕೆ ಬೈಯಬಾರದು? ದಿನಾ ನಮ್ಮ ಜೀವ ಹೊತ್ತು ಇಳಿಸುವವರು ಕಣ್ತುಂಬ ನಿದ್ದೆ ಕೇಳಿದರೆ ಅದು ನಮ್ಮ ಪಾಲಿನ ಜಗಳವೂ ಹೌದು.

ಕೊನೆಗೆ ಪಾಲಕ್ಕೋಡಿನಿಂದ ಸೇಲಂಗೆ ಟೊಮೇಟೊ ಸಾಗಿಸುವ ಟೆಂಪೋ ನಿಂತಿತು. ನರೆತ ತಲೆಯ ಡ್ರೈವರ್, ದಿನವೂ ಅದೇ ದಾರಿ. ಮುಂದೆ ಇಬ್ಬರಿಗೂ ಜಾಗ ಕೊಟ್ಟು, ಲಾರಿಗಳ ಹಿಂದೆ ಆತುರವಿಲ್ಲದೆ ಘಾಟು ಇಳಿಸಿದರು. ಇಳಿಯುವಾಗ ಮಗಳ ಮಡಿಲಿಗೆ ಎರಡು ಹಿಡಿ ಟೊಮೇಟೊ ಹಾಕಿದರು.

ಮನೆ ಸೇರುವಾಗ ಬೀದಿದೀಪ ಹತ್ತಿತ್ತು. ಆರತಿ ಎತ್ತಿ ಒಳಗೆ ಕರೆದುಕೊಂಡೆ. ರಾಜಮ್ಮನ ಫೋನು ಬರಲು ತಡವಾಗಲಿಲ್ಲ.

"ಆ ಬಸ್ಸು ಏನೂ ಆಗ್ದೆ ಸೇಲಂ ಸೇರೈತೆ ಅಕ್ಕಾ. ನಮ್ಮ ಪಕ್ಕದ ಮನೆಯೋರು ಅದ್ರಲ್ಲೇ ಇದ್ರು. ನೀವು ಸುಮ್ನೆ ಒಳ್ಳೆ ಹೊತ್ತು ಕಳೆದ್ರಿ."

"ಸೇರಿದ್ದು ಸಂತೋಷ ಅಕ್ಕಾ. ಇನ್ನೊಂದ್ ಸಲ ಅಂಗೇ ಬಂದ್ರೂ ಅಲ್ಲೇ ಇಳೀತೀನಿ. ಹೊತ್ತು ಹೋದ್ರೆ ಹೋಗ್ಲಿ, ನಿಮ್ಮ ಮೊಮ್ಮಗು ಇಲ್ಲೈತೆ."

ರಾಜಮ್ಮ, ಹುಡುಗಿ ಏನಾದರೂ ತಿಂದಳಾ ಎಂದು ಕೇಳಿದರು. ಮೆಣಸಿನ ಸಾರು ಬೇಕಂತೆ ಎಂದೆ.

ನಾಳೆಯೂ ಬಸ್ಸಿಲ್ಲವಂತೆ ಎಂದರು ಯಜಮಾನರು, ಮಗ್ಗದಿಂದ ಏಳುತ್ತಾ.

"ಇಲ್ದಿದ್ರೆ ಬ್ಯಾಡ. ಅವರ ಕೆಲ್ಸ ಆಗ್ಲಿ, ಆಮೇಲೆ ಬರ್ಲಿ," ಎಂದು ಹೇಳಿ, ಸಾರಿಗೆ ಹುಣಸೆಹಣ್ಣು ನೆನೆಹಾಕಿದೆ.