ಹದಿನಾರು ಉಂಗುರಗಳ ನೆನಪು

ಐವತ್ತು ದಾಟಿದವನ ಕಣ್ಣಿಗೂ ಸೂಜಿಯ ಕಣ್ಣಿಗೂ ಹೊಂದಾಣಿಕೆಯಾಗದೆಂಬ ಸತ್ಯ ಭೌತಶಾಸ್ತ್ರದ ಮೇಷ್ಟ್ರಾದ ನನಗೆ ತಿಳಿದದ್ದು ಸೂಜಿಯಿಂದಲ್ಲ, ಸಾಸಿವೆಗಿಂತ ತುಸು ದೊಡ್ಡದಾದ ಕಾಂತೀಯ ಉಂಗುರಗಳಿಂದ. ಹಳೆಯ ಕಂಪ್ಯೂಟರುಗಳು ನೆನಪಿಡುತ್ತಿದ್ದುದು ಇಂಥವುಗಳಲ್ಲೇ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಉಂಗುರದ ಕಾಂತತೆ ಒಂದು ದಿಕ್ಕಿಗೆ ತಿರುಗಿದರೆ ಒಂದು, ಎದುರು ದಿಕ್ಕಿಗಾದರೆ ಸೊನ್ನೆ. ಕರೆಂಟು ಹೋದರೂ ನೆನಪು ಹೋಗದು. ಕರೆಂಟು ಹೋಗುವುದರಲ್ಲಿ ನಮ್ಮ ಸುರಪುರಕ್ಕಿರುವ ಶ್ರದ್ಧೆಯನ್ನು ಬಲ್ಲ ನಾನು, ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಇದನ್ನೇ ಮಾಡಿ ತೋರಿಸುವೆನೆಂದು ಪ್ರಿನ್ಸಿಪಾಲರೆದುರು ಜಂಬ ಕೊಚ್ಚಿದ್ದೆ.

ಒಂದು ಹಲಗೆಯ ಮೇಲೆ ಹದಿನಾರು ಉಂಗುರ, ಒಂದೊಂದರಲ್ಲೂ ಮೂರು ತಂತಿ. ಮೂರು ದಿನ ಪೋಣಿಸಿ ಸೋತು, ರಂಗಂಪೇಟೆಯಲ್ಲಿ ಸೀರೆಗೆ ಕುಚ್ಚು ಕಟ್ಟುವ ನೀಲಮ್ಮನವರ ಮೊರೆಹೊಕ್ಕೆ. ಒಂದೇ ಮಧ್ಯಾಹ್ನದಲ್ಲಿ ಅವರು ಮುಗಿಸಿಕೊಟ್ಟರು.

ಪ್ರದರ್ಶನದ ಬೆಳಿಗ್ಗೆ ನೋಡಲು ಅವರೂ ಬಂದರು. ಪೆಟ್ಟಿಗೆ ತೆರೆದರೆ ಒಂದು ಉಂಗುರ ಸೀಳಿತ್ತು! ಹಿಂದಿನ ಸಂಜೆ ಹಲಗೆಯನ್ನು ಕೈಜಾರಿ ಬೀಳಿಸಿದವನು ನಾನೇ. ಆದರೆ ಪಕ್ಕದಲ್ಲಿ ಪ್ರಿನ್ಸಿಪಾಲರಿದ್ದರಲ್ಲ, ನಾಲಿಗೆ ತಾನಾಗಿ ಹೊರಳಿತು: "ಇಷ್ಟು ಬಿಗಿ ಯಾಕ ಎಳೆದ್ರಿ ನೀಲಮ್ಮ?"

ಅವರು ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಇನ್ನೊಂದು ಉಂಗುರ ಐತೇನ್ರಿ?" ಎಂದಷ್ಟೇ ಕೇಳಿ, ತಂತಿ ಬಿಚ್ಚಿ ಮತ್ತೆ ಪೋಣಿಸತೊಡಗಿದರು. ಯಾದಗಿರಿಯಿಂದ ಬಂದ ಪರೀಕ್ಷಕರ ದನಿ ಪಕ್ಕದ ಕೋಣೆಯಲ್ಲಿ ಕೇಳುತ್ತಿತ್ತು. ಪರೀಕ್ಷಕರು ಬಾಗಿಲಿಗೆ ಬರುವುದಕ್ಕೂ ಕೊನೆಯ ಗಂಟು ಬೀಳುವುದಕ್ಕೂ ಸರಿಹೋಯಿತು.

ನೀಲಮ್ಮನವರೇ ಗುಂಡಿಗಳನ್ನೊತ್ತಿ ರಂಗೋಲಿಯಂಥ ಒಂದು ಚಿತ್ತಾರವನ್ನು ಉಂಗುರಗಳಿಗೆ ಒಪ್ಪಿಸಿದರು. ಕರೆಂಟು ತೆಗೆದೆ, ಮತ್ತೆ ಕೊಟ್ಟೆ. ಉಂಗುರಕ್ಕೊಂದರಂತೆ ಜೋಡಿಸಿದ್ದ ಪುಟ್ಟ ದೀಪಗಳಲ್ಲಿ ಅದೇ ಚಿತ್ತಾರ ಹೊತ್ತಿತು.

"ಇನ್ನೊಮ್ಮೆ ತೋರಸ್ರಿ," ಎಂದರು ಪರೀಕ್ಷಕರು.

ತೋರಿಸಿದೆ. ಒಂದು ದೀಪವೂ ಹತ್ತಲಿಲ್ಲ. ಈ ಉಂಗುರಗಳನ್ನು ಓದುವುದೆಂದರೆ ಅಳಿಸುವುದೇ. ಓದಿದೊಡನೆ ಮತ್ತೆ ಬರೆಯುವ ಏರ್ಪಾಡು ವಿನ್ಯಾಸದಲ್ಲೇ ಇರಬೇಕು. ಅದನ್ನು ಆಮೇಲೆ ಮಾಡೋಣವೆಂದು ಬಿಟ್ಟವನೂ ನಾನೇ.

ಪ್ರಿನ್ಸಿಪಾಲರು ನೀಲಮ್ಮನವರತ್ತ ತಿರುಗಿದರು. "ಮತ್ತ ಬಿಗಿ ಆಗೇದೇನಮ್ಮ?"

ಇನ್ನು ತಡೆಯಲಾಗಲಿಲ್ಲ. "ಇಲ್ರಿ ಸರ್, ಈ ತಪ್ಪು ನಂದು. ಮುಂಜಾನಿ ಉಂಗುರ ಸೀಳಿದ್ದೂ ನನ್ನ ಕೈಲೇ. ನಿನ್ನೆ ನಾನೇ ಕೆಡವಿದ್ದೆ," ಎಂದೆ. ಪರೀಕ್ಷಕರು ಏನನ್ನೋ ಗೀಚಿಕೊಂಡು ಮುಂದಿನ ಮೇಜಿಗೆ ಹೋದರು. ಬಹುಮಾನ ಬರಲಿಲ್ಲ.

ಹೊರಗೆ ಬೇವಿನ ನೆರಳಿನಲ್ಲಿ ಕ್ಷಮೆ ಕೇಳಿದಾಗ ನೀಲಮ್ಮ ಚಪ್ಪಲಿ ಮೆಟ್ಟುತ್ತಾ ಹೇಳಿದರು: "ನೀವು ಕೆಡವಿದ್ದು ಆಗಲೇ ಗೊತ್ತಾಗಿತ್ರಿ ಸರ್, ಹಲಗಿ ಮೂಲಿ ಜಜ್ಜಿತ್ತಲ್ಲ. ಕೈಯಾಗ ಎಳಿ ಇದ್ದಾಗ ನಾ ಜಗಳಾ ಮಾಡಂಗಿಲ್ಲ. ಈಗ ಕೈ ಖಾಲಿ ಅದಾವ, ಕೂಡ್ರಿ."